ಅಡಿಕೆ ಮರಕ್ಕೆ ಯಾವ ಬೆಲ್ಟು? ಶಿವಮೊಗ್ಗ ಸೀಮೆಯಲ್ಲಿ ಮಾರುವ ಮರ ಹತ್ತುವ ಸಾಮಾನುಗಳ ವಿಮರ್ಶೆ

"ಬೆಲ್ಟು ಮರಕ್ಕೆ, ನೀನು ನೆಲಕ್ಕೆ."

ಹೊಸ ಸೇಫ್ಟಿ ಬೆಲ್ಟನ್ನು ತೋಟದ ಬದಿಯಲ್ಲಿ ಬಿಚ್ಚಿದರೆ ಕೊನೆಗೌಡರ (ಮರ ಹತ್ತಿ ಅಡಿಕೆ ಗೊನೆ ಇಳಿಸುವವರ) ಬಾಯಿಂದ ಮೊದಲು ಬರುವ ಮಾತು ಇಂಥದ್ದೇ. ಕವಳ ಹಾಕಿಕೊಂಡು ಕೂತ ಇನ್ನೊಬ್ಬರು ಅದಕ್ಕೆ ಸೇರಿಸುತ್ತಾರೆ: "ಇರ್ಲಿ ಬಿಡಾ ಮಾರಾಯ, ಬಿದ್ದವನನ್ನ ಎತ್ತಿ ಜೀಪಿಗೆ ಹಾಕೋಕೆ ಒಂದು ಹಿಡಿಕೆ ಆಯ್ತು." ಎಲ್ಲರೂ ನಗುತ್ತಾರೆ, ಬೆಲ್ಟು ಅಟ್ಟ ಸೇರುತ್ತದೆ. ಆದರೆ ಆ ತಮಾಷೆಯನ್ನು ಬಿಡಿಸಿ ನೋಡಿ, ಒಳಗಿರುವುದು ಸರಿಯಾದ ತಕರಾರು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಬೆಲ್ಟುಗಳು ಬಹುಪಾಲು ಕಟ್ಟಡದ ಕೆಲಸಕ್ಕೆಂದು ಮಾಡಿದವು. ಅಲ್ಲಿ ತಲೆಯ ಮೇಲೆ ಹುಕ್ ಸಿಕ್ಕಿಸಲು ಕಬ್ಬಿಣದ ಪೈಪು ಇರುತ್ತದೆ. ಅಡಿಕೆ ಮರದಲ್ಲಿ ತಲೆಯ ಮೇಲಿರುವುದು ಸೋಗೆ, ಹಾಳೆ, ಕೊನೆ (ಅಡಿಕೆ ಗೊನೆ). ಹಿಡಿದುಕೊಳ್ಳಲು ಇರುವುದು ಒಂದು ಗೇಣೂ ದಪ್ಪವಿಲ್ಲದ, ಕೊಂಬೆಯಿಲ್ಲದ ನುಣುಪು ಕಾಂಡ ಮಾತ್ರ. ಹಾಗಾಗಿ ಇಲ್ಲಿ ಪ್ರತಿ ಸಾಮಾನನ್ನೂ ಒಂದೇ ಪ್ರಶ್ನೆಯಿಂದ ತೂಗಿದ್ದೇವೆ: ಕಾಲು ಜಾರಿದ ಕ್ಷಣದಲ್ಲಿ ಇದು ಮರವನ್ನು ಹಿಡಿಯುತ್ತದೆಯೇ?

ಅತಿ ಹೆಚ್ಚು ಖರ್ಚಾಗುವುದು ಸೊಂಟದ ಬೆಲ್ಟು. ನಾಲ್ಕು ಬೆರಳಗಲದ ಪಟ್ಟಿ, ಹಿಂದೆ ಒಂದು ರಿಂಗು, ಅದಕ್ಕೊಂದು ಹಗ್ಗ, ತುದಿಗೆ ಹುಕ್. ಹಗ್ಗವನ್ನು ಮರಕ್ಕೆ ಬಳಸಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹಿಂದಕ್ಕೆ ಒರಗಿ ಎರಡೂ ಕೈ ಬಿಟ್ಟು ಕೆಲಸ ಮಾಡಬಹುದು, ಅಷ್ಟು ಮಟ್ಟಿಗೆ ಉಪಯೋಗ ನಿಜ. ಆದರೆ ತಳೆ (ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಬಳೆ) ಜಾರಿತು ಅಂದುಕೊಳ್ಳಿ. ಮೈ ಮರದ ಕಡೆಗೆ ಬರುತ್ತದೆ, ಹಗ್ಗ ಸಡಿಲವಾಗುತ್ತದೆ, ಸಡಿಲವಾದ ಹಗ್ಗ ಕಾಂಡದ ಗುಂಟ ಬುಡದವರೆಗೂ ಜಾರುತ್ತದೆ. ನಡುವೆ ತಡೆಯಲು ಒಂದು ಗಂಟೂ ಇಲ್ಲ. 50 ಅಡಿ ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 60 ಕಿ.ಮೀ. ಒಂದು ವೇಳೆ ಹಗ್ಗ ಎಲ್ಲೋ ಸಿಕ್ಕಿಕೊಂಡಿತು ಅಂತಲೇ ಇಟ್ಟುಕೊಳ್ಳಿ. 70 ಕೆ.ಜಿ. ತೂಕದವನು 1 ಮೀಟರ್ ಬಿದ್ದು 10 ಸೆಂ.ಮೀ. ಒಳಗೆ ನಿಂತರೆ ಆ ಎಳೆತ ಸರಾಸರಿ 7.5 ಕಿಲೋನ್ಯೂಟನ್, ಅಂದರೆ ಮುಕ್ಕಾಲು ಟನ್. ಅದಷ್ಟೂ ಹೊಟ್ಟೆಯ ಮೇಲೆ, ಬೆನ್ನುಮೂಳೆಯ ಮೇಲೆ. ಬೀಳುವುದನ್ನು ತಡೆಯಲು ಬರೀ ಸೊಂಟದ ಬೆಲ್ಟು ಬಳಸುವುದನ್ನು ಅಮೆರಿಕದಲ್ಲಿ 1998ರಿಂದ ನಿಷೇಧಿಸಿದ್ದು ಇದೇ ಕಾರಣಕ್ಕೆ. ಅಡಿಕೆ ತೋಟಕ್ಕೆ ಇದನ್ನು ಕೊಳ್ಳಬೇಡಿ.

ಮುಂದಿನದು ಎರಡು ಹುಕ್ಕಿನ ಫುಲ್ ಬಾಡಿ ಹಾರ್ನೆಸ್. ತೊಡೆ, ಭುಜ, ಎದೆ ಮೂರನ್ನೂ ಹಿಡಿಯುವುದರಿಂದ ಎಳೆತ ಮೈತುಂಬ ಹಂಚಿಹೋಗುತ್ತದೆ. ಸಾಮಾನು ಒಳ್ಳೆಯದೇ, ತೊಂದರೆ ಇರುವುದು ಅದರ ಜೊತೆ ಬರುವ ಹುಕ್ಕಿನಲ್ಲಿ. "ಗೌಡ್ರೆ, ಈ ಕೊಂಡಿ ಹಾಕಿ ಮರ ಕಿತ್ತು ಲಾರಿಗೆ ತುಂಬೋದಾ?" ಎಂದು ತೋಟದಲ್ಲಿ ನಗುವಷ್ಟು ದೊಡ್ಡದಾಗಿ ಕಾಣುವ ಆ ಹುಕ್ ಬಾಯಿ ತೆರೆಯುವುದು ಸುಮಾರು 50-60 ಮಿ.ಮೀ. ಮಾತ್ರ, ಸೆಂಟ್ರಿಂಗ್ ಪೈಪಿನ ಅಳತೆಗೆ. ಅಡಿಕೆ ಕಾಂಡದ ಅಡ್ಡಳತೆ ಅದರ ಎರಡು ಪಟ್ಟು, ಕೆಲವು ಕಡೆ ಇನ್ನೂ ಹೆಚ್ಚು. ಹುಕ್ ಕಾಂಡಕ್ಕೆ ಕೂರುವುದಿಲ್ಲ. ಆಗ ಎಲ್ಲರೂ ಮಾಡುವ ಉಪಾಯ ಏನೆಂದರೆ, ಹಗ್ಗವನ್ನು ಮರಕ್ಕೆ ಸುತ್ತಿ ಹುಕ್ಕನ್ನು ಅದೇ ಹಗ್ಗಕ್ಕೆ ಸಿಕ್ಕಿಸುವುದು. ಹಾಗೆ ವಾಪಸ್ ಸಿಕ್ಕಿಸಲೆಂದೇ ಮಾಡಿದ ಲ್ಯಾನ್ಯಾರ್ಡ್ (ಹಾರ್ನೆಸ್ಸನ್ನು ಆಧಾರಕ್ಕೆ ಸೇರಿಸುವ ಹಗ್ಗ) ಬೇರೆ ಇರುತ್ತದೆ. ಸಾಮಾನ್ಯ ಹುಕ್ಕಿನಲ್ಲಿ ಭಾರ ಬಾಯಿ ಮುಚ್ಚುವ ಬಾಗಿಲ ಮೇಲೆ ಅಡ್ಡಲಾಗಿ ಬೀಳಬಹುದು, ಬಾಗಿಲು ಅದನ್ನು ಹೊರಲು ಮಾಡಿದ್ದಲ್ಲ.

ಹಾರ್ನೆಸ್ ಕೊಳ್ಳುವಾಗ ಎದೆಯ ಮುಂದೆ ರಿಂಗು ಇದೆಯೇ ನೋಡಿ. ಅಗ್ಗದ ಮಾದರಿಗಳಲ್ಲಿ ಬೆನ್ನಿಗೆ ಮಾತ್ರ ಇರುತ್ತದೆ. ಮರ ಇರುವುದು ಮುಂದೆ, ರಿಂಗು ಹಿಂದೆ ಆದರೆ ಹಗ್ಗ ಕಂಕುಳಡಿ ಸುತ್ತಿ ಬರಬೇಕು. ಸೊಂಟದ ಎರಡೂ ಪಕ್ಕ ರಿಂಗು ಇದ್ದರೆ ಇನ್ನೂ ಒಳ್ಳೆಯದು. ಹೊಲಿಗೆಯ ದಾರ ಪಟ್ಟಿಯ ಬಣ್ಣಕ್ಕಿಂತ ಬೇರೆ ಇರಲಿ, ಕಪ್ಪು ಪಟ್ಟಿಗೆ ಕಪ್ಪು ದಾರವಾದರೆ ಎಳೆ ಕಿತ್ತದ್ದು ಕಣ್ಣಿಗೆ ಬೀಳುವುದಿಲ್ಲ. ಚೀಟಿಯಲ್ಲಿ ಐ.ಎಸ್. 3521 (ಭಾರತದ ಮಾನದಂಡ) ಅಥವಾ ಇ.ಎನ್. 361 (ಯುರೋಪಿನದು), ತಯಾರಾದ ತಿಂಗಳು-ವರ್ಷ, ಬ್ಯಾಚ್ ಸಂಖ್ಯೆ, ಎಷ್ಟು ತೂಕದವರಿಗೆ ಎಂಬುದು ಇರಬೇಕು. ಐ.ಎಸ್.ಐ. ಗುರುತಿದ್ದರೆ ಅದರ ಜೊತೆಗಿರುವ ಸಿ.ಎಂ./ಎಲ್. ಸಂಖ್ಯೆಯನ್ನು ಅಂಗಡಿಯಲ್ಲೇ ನಿಂತು ಬಿ.ಐ.ಎಸ್. ಕೇರ್ ಆ್ಯಪ್‌ಗೆ ಹಾಕಿ ನೋಡಿ. ಯಾವ ಕಂಪನಿಗೆ, ಯಾವ ಸಾಮಾನಿಗೆ ಕೊಟ್ಟ ಪರವಾನಗಿ, ಈಗಲೂ ಚಾಲ್ತಿಯಲ್ಲಿದೆಯೇ ಎಲ್ಲವೂ ತಿಳಿಯುತ್ತದೆ. ಬರೀ ಸಿ.ಇ. ಎಂಬ ಯುರೋಪಿನ ಗುರುತು ಅಚ್ಚು ಹಾಕಿ, ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇಲ್ಲದಿದ್ದರೆ ನಂಬಬೇಡಿ.

ಹಾಗಾದರೆ ಮರ ಹಿಡಿಯುವುದು ಯಾವುದು? ಉದ್ದ ಹೊಂದಿಸಬಹುದಾದ, ಒಳಗೆ ಉಕ್ಕಿನ ತಂತಿ ಇರುವ, ಸುಮಾರು 2 ಮೀಟರಿನ ಪೊಸಿಷನಿಂಗ್ ಲ್ಯಾನ್ಯಾರ್ಡ್. ಅದರಲ್ಲೂ ಜೀರುಗುಣಿಕೆ (ಎಳೆದಷ್ಟೂ ಬಿಗಿಯುವ ಕುಣಿಕೆ) ಹಾಕಿ ಬಳಸಬಹುದು ಎಂದು ತಯಾರಕರೇ ಬರೆದ ಮಾದರಿ. ಊರ ಅಂಗಡಿಗಳಲ್ಲಿ ಸಿಗುವುದು ಅಪರೂಪ, ತರಿಸಿಕೊಳ್ಳಬೇಕು. ಒಳಗೆ ಉಕ್ಕು ಏಕೆಂದರೆ ಕೊನೆಗೌಡನ ಸೊಂಟದಲ್ಲಿ ಕತ್ತಿ ಇರುತ್ತದೆ. ಬಿಗಿಯಾಗಿ ಎಳೆದು ನಿಂತ ಬರೀ ನೂಲಿನ ಹಗ್ಗಕ್ಕೆ ಹರಿತ ಕತ್ತಿ ತಾಗಿದರೆ ಸಾಕು, ಕ್ಷಣದಲ್ಲಿ ತುಂಡು.

ಬಳಸುವ ಕ್ರಮ ಹೀಗೆ. ಲ್ಯಾನ್ಯಾರ್ಡನ್ನು ಕಾಂಡಕ್ಕೆ ಜೀರುಗುಣಿಕೆಯಾಗಿ ಹಾಕಿ, ಎದೆಯ ರಿಂಗಿಗೆ ಸೇರಿಸಿ. ಕುಣಿಕೆ ಯಾವಾಗಲೂ ಹೊಕ್ಕುಳಿಗಿಂತ ಮೇಲಿರಲಿ, ಸಡಿಲು ಒಂದು ಗೇಣು ದಾಟದಿರಲಿ. ತಳೆಯ ಮೇಲೆ ಭಾರ ಬಿಟ್ಟು ನಿಂತು ಕುಣಿಕೆಯನ್ನು ಸಡಿಲಿಸಿ ಎದೆ ಮಟ್ಟಕ್ಕೆ ದೂಡಿ, ಬಿಗಿ ಮಾಡಿ, ಆಮೇಲೆ ಕಾಲು ಸ್ವಲ್ಪವೇ ಮೇಲಕ್ಕೆ. ಮೊದಲು ಕಾಲೆತ್ತಿ ಆಮೇಲೆ ಕುಣಿಕೆ ತಳ್ಳುವ ಅಭ್ಯಾಸ ಬೇಡ, ಕುಣಿಕೆ ಸೊಂಟದ ಕೆಳಗೆ ಉಳಿದಷ್ಟೂ ಬೀಳುವ ದೂರ ಹೆಚ್ಚುತ್ತದೆ, ಮೈ ತಲೆಕೆಳಗಾಗುವ ಸಂಭವವೂ ಇದೆ. ಕೊನೆಯ ಬುಡ ಮುಟ್ಟಿದ ಮೇಲೆ 120 ಸೆಂ.ಮೀ. ಸ್ಲಿಂಗ್ (ಹೊಲಿದ ಪಟ್ಟಿಯ ಬಳೆ) ಒಂದನ್ನು ಎರಡು ಸುತ್ತು ಹಾಕಿ ಎರಡನೆಯ ಹಿಡಿತವಾಗಿ ಕಟ್ಟಿ. 60 ಸೆಂ.ಮೀ. ಸ್ಲಿಂಗ್ ಅಗ್ಗಕ್ಕೆ ಸಿಗುತ್ತದೆ, ಆದರೆ ಕಾಂಡದ ಸುತ್ತಳತೆ 45 ಸೆಂ.ಮೀ. ಇದ್ದರೆ ಒಂದು ಸುತ್ತಿಗೇ ಮುಗಿದು ಕೊಂಡಿ ಹಾಕಲು ಗೇಣುದ್ದವೂ ಉಳಿಯುವುದಿಲ್ಲ.

ಏನೇ ತಂದರೂ ಎರಡಡಿ ಪರೀಕ್ಷೆ ಮಾಡದೆ ಮೇಲೆ ಹೋಗಬೇಡಿ. ಪಾಚಿ ಹಿಡಿದ ಮರವೊಂದನ್ನು ಆರಿಸಿ, ಒಂದು ಕೊಡ ನೀರು ಸುರಿಯಿರಿ. ಬುಡಕ್ಕೆ ದಪ್ಪಗೆ ಸೊಪ್ಪು ಹಾಸಿ. ನೆಲದಿಂದ ಎರಡಡಿ ಮೇಲೆ ಹತ್ತಿ, ಸಾಮಾನು ಕಟ್ಟಿಕೊಂಡು, ಎರಡೂ ಕಾಲನ್ನು ಮರದಿಂದ ನಿಧಾನ ಬಿಡಿ. ಕುಣಿಕೆ ಒಂದು ಗೇಣಿನೊಳಗೆ ಕಚ್ಚಿ ನಿಂತರೆ ಸರಿ. ನೆಲದವರೆಗೆ ಜಾರಿದರೆ ಅದು 50 ಅಡಿಯಲ್ಲೂ ಜಾರುತ್ತದೆ. ಒಣ ಮರದಲ್ಲಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಆಗುಂಬೆ, ಹುಲಿಕಲ್ಲು ಕಡೆ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ಕೊಳೆ ರೋಗದ ಔಷಧಿಯ ಎರಡನೇ ಸುತ್ತಿಗೆ ಹತ್ತುವ ಹೊತ್ತಿಗೆ ಕಾಂಡವೆಲ್ಲ ಲೋಳೆಯಾಗಿರುತ್ತದೆ.

ಈ ಪದ್ಧತಿಗೆ ಕೊನೆಗೌಡರು ಎತ್ತುವ ಆಕ್ಷೇಪ ನ್ಯಾಯವಾದದ್ದು. ಪಳಗಿದವರು ಒಂದು ಮರ ಹತ್ತಿ, ತೂಗಿ, ಪಕ್ಕದ ಮರಕ್ಕೆ ದಾಟುತ್ತಾರೆ. ಕುಣಿಕೆ ಹಾಕಿಕೊಂಡರೆ ದಾಟಲು ಆಗದು, ಪ್ರತಿ ಮರವನ್ನೂ ಬುಡದಿಂದಲೇ ಹತ್ತಬೇಕು. ಮರದ ಲೆಕ್ಕದಲ್ಲಿ ಕೂಲಿ ಕೊಟ್ಟು ಬೆಲ್ಟು ಹಾಕಿಕೋ ಎನ್ನುವುದು ಗೌಡನ ಹೊಟ್ಟೆಯ ಮೇಲೆ ಹೊಡೆದಂತೆ. ತೋಟದವರು ಬೆಲ್ಟು ಕೊಡಿಸುವ ದಿನವೇ ಕೂಲಿಯನ್ನೂ ದಿನದ ಲೆಕ್ಕಕ್ಕೆ ಬದಲಿಸಬೇಕು.

ಮರ ಹತ್ತುವ ಯಂತ್ರದ ವಿಷಯ. ಎರಡು ಚೌಕಟ್ಟು, ಎರಡು ತಂತಿ ಹಗ್ಗದ ಬಳೆ, ಕಾಲಿಗೊಂದೊಂದು ಮೆಟ್ಟು, ಭಾರ ಬಿದ್ದಷ್ಟೂ ಮರವನ್ನು ಕಚ್ಚುವ ರಚನೆ. ಕೇರಳದ ಚೆಂಬೇರಿ ಮಾದರಿ ಮೂಲತಃ ತೆಂಗಿಗೆ ಮಾಡಿದ್ದು. ಅಡಿಕೆಗೆ ಕೊಳ್ಳುವವರು ಸಣ್ಣ ಬಳೆಯದನ್ನೇ ಕೇಳಿ, ತೆಂಗಿನ ಯಂತ್ರದ ತಂತಿಯನ್ನು ಮಡಚಿ ಗಿಡ್ಡ ಮಾಡಿದ್ದು ಬೇಡ. ಮಡಚಿದ ಕಡೆಯೇ ಎಳೆ ಮುರಿಯುತ್ತದೆ. ಹತ್ತಿಬಟ್ಟೆಯನ್ನು ತಂತಿಯ ಮೇಲೆ ಎಳೆಯಿರಿ, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಮುರಿದಿದೆ, ಬದಲಿಸಿ. ತಂತಿ ತುದಿಗೆ ಹಾಕುವ ಯು ಕ್ಲ್ಯಾಂಪು ಕನಿಷ್ಠ ಮೂರಿರಲಿ. ಹಲ್ಲಿರುವ ದಪ್ಪ ತುಂಡು ಭಾರ ಹೊರುವ ತಂತಿಯ ಮೇಲೆ, ಬಾಗಿದ ಕಂಬಿ ಮಡಚಿ ಬಂದ ಗಿಡ್ಡ ತುದಿಯ ಮೇಲೆ ಬರಬೇಕು. ರಿಪೇರಿ ಮಾಡಿಸಿದ ಯಂತ್ರಗಳಲ್ಲಿ ಇದು ಉಲ್ಟಾ ಇರುವುದುಂಟು. ಉಲ್ಟಾ ಆದರೆ ಕಂಬಿ ಭಾರದ ತಂತಿಯನ್ನೇ ಜಜ್ಜುತ್ತದೆ. ಕಾಂಡಕ್ಕೆ ಒತ್ತುವ ರಬ್ಬರು ಸವೆದಿದ್ದರೆ ಒದ್ದೆ ಮರದಲ್ಲಿ ಜಾರುತ್ತದೆ. ಯಂತ್ರದ ಮೆಟ್ಟು ಕಾಲಿಗೆ ಮಾತ್ರ ಆಧಾರ, ಮೈಗೆ ಹಾರ್ನೆಸ್ ಮತ್ತು ಕುಣಿಕೆ ಬೇರೆಯೇ ಬೇಕು.

ಹಗ್ಗ, ಕೊಂಡಿಗಳಲ್ಲಿ ಮೋಸ ಹೋಗುವುದು ಸುಲಭ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತೂಕಕ್ಕೆ ಸಿಗುವ ಹಳದಿ, ನೀಲಿ ಹಗ್ಗ ಪಾಲಿಪ್ರೊಪಿಲಿನ್. ಕೊನೆ ಇಳಿಸುವ ನೇಣಿಗೆ ಆದೀತು, ಮೈ ಕಟ್ಟಿಕೊಳ್ಳಲು ಆಗದು. ಬಿಸಿಲಿಗೆ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೆ ಕರಗುತ್ತದೆ, ಜೋರು ತಿಕ್ಕಾಟವೇ ಅದಕ್ಕೆ ಕಂಟಕ. ನೈಲಾನ್ ಎಂದು ಕೊಟ್ಟರೆ ಒಂದು ತುಂಡು ಬಕೆಟ್ಟಿನ ನೀರಿನಲ್ಲಿ ಅದ್ದಿ ಗಾಳಿ ಹಿಂಡಿ ಬಿಡಿ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲಿನ್ ತೇಲುತ್ತದೆ. ಬೀಗದ ಕೈ ಗೊಂಚಲಿನ ಕ್ಯಾರಬಿನರ್ (ಬಾಗಿಲಿರುವ ಲೋಹದ ಕೊಂಡಿ) ನೋಡಲು ಅಸಲಿನಂತೆಯೇ ಇರುತ್ತದೆ. "ಇದ್ರಲ್ಲಿ ಗೌಡನ್ನ ನೇತುಹಾಕಿದ್ರೆ ಬೀಗದ ಕೈ ಮಾತ್ರ ಉಳೀತದೆ" ಎಂಬ ಮಾತು ಪೂರ್ತಿ ಸತ್ಯ. ಅಸಲಿಯ ಮೈಮೇಲೆ ಉದ್ದಕ್ಕೆ, ಅಡ್ಡಕ್ಕೆ, ಬಾಗಿಲು ತೆರೆದಾಗ ಎಷ್ಟು ಕಿಲೋನ್ಯೂಟನ್ ಎಂದು ಕೆತ್ತಿರುತ್ತದೆ. ಇ.ಎನ್. 12275 ಪ್ರಕಾರ ಉದ್ದಕ್ಕೆ ಕನಿಷ್ಠ 20, ಅಡ್ಡಕ್ಕೆ 7. ಸೋಗೆ ತಾಗಿದರೂ ಬಾಗಿಲು ತೆರೆಯದಂತೆ ಲಾಕ್ ಇರುವುದನ್ನೇ ಆರಿಸಿ.

ಕೊಳೆ ಔಷಧಿ ಹೊಡೆಯುವವರು ಕೊಂಡಿಯ ಲೋಹವನ್ನೂ ನೋಡಬೇಕು. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹದ ಬಂತೇ ಎಂದು ಕತ್ತಿ ಅದ್ದಿ ನೋಡುವುದು ಎಲ್ಲರಿಗೂ ಗೊತ್ತು, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಕತ್ತಿಗೆ ಆಗುವುದೇ ಹಾರ್ನೆಸ್ಸಿನ ಬಕಲಿಗೂ ಆಗುತ್ತದೆ. ತಾಮ್ರದ ಅಂಶ ಅಲ್ಯೂಮಿನಿಯಂ ಕೊಂಡಿಯಲ್ಲಿ ಸಣ್ಣ ಸಣ್ಣ ಕುಳಿ ಕೊರೆಯುತ್ತದೆ, ಸತುವಿನ ಲೇಪ ತಿನ್ನುತ್ತದೆ, ಲಾಕಿನ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಔಷಧಿಯ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ ಸೂಕ್ತ. ಸಂಜೆಯೇ ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಡಿಕೆ ಬೇಯಿಸುವ ಒಲೆಯ ಹತ್ತಿರ ತೂಗುಹಾಕಬೇಡಿ, ಸ್ಪ್ರೇಯರ್ ಬ್ಯಾಟರಿಯ ಜೊತೆ ಒಂದೇ ಚೀಲಕ್ಕೆ ತುಂಬಬೇಡಿ. ಬ್ಯಾಟರಿಯ ಆಸಿಡ್ ನೈಲಾನನ್ನು ಕಣ್ಣಿಗೆ ಕಾಣದಂತೆ ಸುಡುತ್ತದೆ.

ಹೆಲ್ಮೆಟ್ಟು ಐ.ಎಸ್. 2925ರದ್ದು, ಗದ್ದದ ಪಟ್ಟಿ ಸಮೇತ. ಕೆಳಗೆ ನೇಣು ಹಿಡಿಯುವವನಿಗೂ ಒಂದು.

ಹತ್ತುವ ರಗಳೆಯೇ ಬೇಡವೆಂದು ಕಾರ್ಬನ್ ಫೈಬರ್ ದೋಟಿಗೆ (ಉದ್ದ ಕೋಲಿಗೆ) ಹೋದವರು ಬಹಳ, ಅದು ಒಳ್ಳೆಯ ದಾರಿ ಕೂಡ. ನೆಲದ ಮೇಲೆ ನಿಂತೇ ಕೊಯ್ಲು, ಔಷಧಿ ಎರಡೂ ಆಗುತ್ತವೆ. ಒಂದು ಮಾತು ಮಾತ್ರ ಮಾರುವವರು ಗಟ್ಟಿಯಾಗಿ ಹೇಳಬೇಕು: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನು ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಬೇಡಿ.

ಎಷ್ಟು ಒಳ್ಳೆಯ ಸಾಮಾನಾದರೂ ಕೊನೆಗೆ ಜೋತುಬೀಳುವುದು ಮರಕ್ಕೇ. ಅಣಬೆ ರೋಗ ಬಂದ ಮರದ ಬುಡ ಟೊಳ್ಳಾಗಿರುತ್ತದೆ. ಪಶ್ಚಿಮದ ಬಿಸಿಲಿಗೆ ಸುಟ್ಟು ಕಾಂಡ ಸೀಳಿದ ಮರ ಅಲ್ಲೇ ಮುರಿಯುತ್ತದೆ. ಕತ್ತಿಯ ಹಿಂಬದಿಯಿಂದ ಬಡಿದು ಸದ್ದು ಕೇಳಿ, ಅನುಮಾನ ಬಂದರೆ ಆ ಮರದ ಕೊನೆ ಬಿಟ್ಟುಬಿಡಿ.

ದುಡ್ಡು ಸೀಮಿತವಾಗಿದ್ದರೆ ಕೊಳ್ಳುವ ಕ್ರಮ: ಮೊದಲು ಎದೆ ರಿಂಗಿನ ಹಾರ್ನೆಸ್ ಮತ್ತು ಜೀರುಗುಣಿಕೆಯ ಲ್ಯಾನ್ಯಾರ್ಡ್ ಒಟ್ಟಿಗೆ, ಒಂದಿಲ್ಲದೆ ಇನ್ನೊಂದು ಅರ್ಧ ಕೆಲಸ. ಆಮೇಲೆ ಹೆಲ್ಮೆಟ್ಟು, ಸ್ಲಿಂಗ್, ಲಾಕ್ ಇರುವ ಎರಡು ಕ್ಯಾರಬಿನರ್. ಯಂತ್ರ ಕೊನೆಗೆ. ಮೇ ತಿಂಗಳಲ್ಲೇ ತರಿಸಿದರೆ ಮಳೆ ಹಿಡಿಯುವ ಮೊದಲು ಎರಡಡಿ ಎತ್ತರದಲ್ಲಿ ಅಭ್ಯಾಸ ಮಾಡಲು ಪುರುಸೊತ್ತು ಸಿಗುತ್ತದೆ. ಒಮ್ಮೆ ಬಿದ್ದವನನ್ನು ತಡೆದ ಹಾರ್ನೆಸ್, ಲ್ಯಾನ್ಯಾರ್ಡ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸುವಂತಿಲ್ಲ. ಅದನ್ನೂ ಹಳೆಯ ಸೊಂಟದ ಬೆಲ್ಟನ್ನೂ ಕತ್ತಿಯಿಂದ ತುಂಡು ಮಾಡಿಯೇ ಬಿಸಾಡಿ. ಇಡಿಯಾಗಿ ಅಟ್ಟದಲ್ಲಿಟ್ಟರೆ ಮುಂದಿನ ಕೊಯ್ಲಿಗೆ ಗೊತ್ತಿಲ್ಲದವರು ಯಾರಾದರೂ ಕಟ್ಟಿಕೊಂಡು ಹತ್ತುತ್ತಾರೆ.