ಉಪನ್ಯಾಸವೋ, ಗುಂಪು ಕಲಿಕೆಯೋ?

ಗದಗದಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿರುವ ಸಿಸ್ಟರ್ ಒಬ್ಬರು ಕೇಳಿದರು: ನರ್ಸ್‌ಗಳ ತರಬೇತಿಗೆ ಹುಬ್ಬಳ್ಳಿಯಿಂದ ಯಾರನ್ನಾದರೂ ಕರೆಸಿ ಉಪನ್ಯಾಸ ಇಡಿಸಲೋ, ಆ್ಯಕ್ಷನ್ ಲರ್ನಿಂಗ್ (ತಮ್ಮದೇ ಕೆಲಸದ ತೊಡಕು ಬಿಡಿಸುತ್ತ ಕೂಡಿ ಕಲಿಯುವ) ಗುಂಪು ಕಟ್ಟಲೋ?

ಉಪನ್ಯಾಸಕ್ಕೆ ಒಂದು ಹಾಲ್, ಬಂದವರ ಖರ್ಚು; 60 ಮಂದಿ ಒಮ್ಮೆಗೇ ಕೂರಬಹುದು. ಗುಂಪಿಗೆ ದುಡ್ಡಿಗಿಂತ ಹೊತ್ತು ಬೇಕು: ಐದರಿಂದ ಎಂಟು ಜನ, ತಿಂಗಳಿಗೊಮ್ಮೆ ಒಂದೆರಡು ತಾಸು, ಅದೂ ನಾಲ್ಕಾರು ತಿಂಗಳು. ಪಾಳಿ ಹೊಂದಿಸುವುದೇ ತಲೆನೋವು.

ಕಲಿತದ್ದು ಉಳಿಯುವ ಮಾತು ಬಂದರೆ ನನ್ನ ಒಲವು ಗುಂಪಿನ ಕಡೆ. ರೆಗ್ ರೆವನ್ಸ್ ಎಂಬ ನಿರ್ವಹಣಾ ತಜ್ಞರು 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ರೂಪಿಸಿ, 1960ರ ದಶಕದಲ್ಲಿ ಲಂಡನ್ ಆಸ್ಪತ್ರೆಗಳಿಗೆ ತಂದ ಪದ್ಧತಿ ಇದು. ಒಬ್ಬರು ತಮ್ಮದೇ ತೊಡಕು ಮುಂದಿಡುತ್ತಾರೆ. ಪಾಳಿ ಬದಲಾಗುವಾಗ ರೋಗಿಯ ಮಾಹಿತಿ ತಪ್ಪಿಹೋಗುತ್ತಿದೆ ಅಂತಿಟ್ಟುಕೊಳ್ಳಿ. ಉಳಿದವರು ಉಪದೇಶ ಮಾಡದೆ ಪ್ರಶ್ನೆ ಕೇಳಬೇಕು. (ನಮ್ಮ ಕಡೆ ಉಪದೇಶ ಮಾಡದೆ ಸುಮ್ಮನೆ ಕೂರುವುದೇ ಕಷ್ಟ!) ತೊಡಕು ಮುಂದಿಟ್ಟವರು ಒಂದು ದಾರಿ ಗೊತ್ತುಮಾಡಿಕೊಂಡು, ವಾರ್ಡಿನಲ್ಲಿ ಮಾಡಿ ನೋಡಿ, ಮುಂದಿನ ಸಲ ಬಂದು ಹೇಳಬೇಕು. ಮೇಲಧಿಕಾರಿ ಕೂತರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಔಷಧಿಯ ಪ್ರಮಾಣ, ಕೈ ತೊಳೆಯುವ ಹಂತ ಇಂಥವಕ್ಕೆ ಸಿದ್ಧ ಉತ್ತರವಿದೆ. ಉಪನ್ಯಾಸ, ಪ್ರಾತ್ಯಕ್ಷಿಕೆ ಸಾಕು. ಸಿದ್ಧ ಉತ್ತರವಿಲ್ಲದ ತೊಡಕಿಗೆ ಗುಂಪು. ಪಾಳಿ ಬಿಡಿಸಿಕೊಡಲು ಮೇಟ್ರನ್ ಒಪ್ಪದಿದ್ದರೆ ಸದ್ಯಕ್ಕೆ ಅದನ್ನು ಕೈಗೆತ್ತಿಕೊಳ್ಳಬೇಡಿ.