15 ಕಲ್ಲುಗಳ ಖನಿಜ ಕಿಟ್: ಗುರುತಿಸುವ ಪಾಠಕ್ಕೆ ಸರಿ, ಗಣಿಯ ಪಾಠಕ್ಕೆ ಸಾಲದು

ಶಾಲೆಗಳಿಗೆಂದು ಮಾರುವ ಈ ಕಿಟ್‌ನಲ್ಲಿ 15 ಕಲ್ಲಿನ ಮಾದರಿಗಳು, ಗಾಜಿನ ಬಿಲ್ಲೆ, ಮೆರುಗು ಕೊಡದ ಪಿಂಗಾಣಿ ಬಿಲ್ಲೆ, ಉಕ್ಕಿನ ಮೊಳೆ, ಅಯಸ್ಕಾಂತ, ಡ್ರಾಪರ್ ಬಾಟಲಿ, ಮರಳಿಗೆ ಮಣಿ ಬೆರೆಸಿದ ‘ಗಣಿ’ ಟ್ರೇ, ಉಪಯೋಗದ ಕಾರ್ಡುಗಳು ಇವೆ. ಕಲ್ಲು ಗುರುತಿಸುವುದನ್ನು ಕಲಿಸಲು ಚೆನ್ನಾಗಿದೆ. ಗಣಿಗಾರಿಕೆಯ ಭಾಗವನ್ನು ಮಾತ್ರ ಶಿಕ್ಷಕರೇ ತಿದ್ದಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಪಿಂಗಾಣಿ ಬಿಲ್ಲೆ. ಕಪ್ಪಗೆ ಮಿನುಗುವ ಹೆಮಟೈಟನ್ನು (ಕಬ್ಬಿಣದ ಅದಿರು) ಅದರ ಮೇಲೆ ಒತ್ತಿ ಎಳೆದರೆ ಕೆಂಗಂದು ಗೆರೆ ಬೀಳುತ್ತದೆ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಮ್ಯಾಗ್ನಟೈಟ್‌ನದು ಕಪ್ಪು ಗೆರೆ. ಬಂಗಾರದ ಬಣ್ಣದ ಪೈರೈಟ್ ಹಸಿರು ಮಿಶ್ರಿತ ಕಪ್ಪು ಗೆರೆ ಬಿಡುತ್ತದೆ. ಮೇಲ್ಬಣ್ಣ ನಂಬಬಾರದು ಎಂಬುದು ಮೂರೇ ಗೆರೆಗಳಲ್ಲಿ ಮನದಟ್ಟಾಗುತ್ತದೆ. ಒಂದು ಎಚ್ಚರಿಕೆ: 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಬಿಲ್ಲೆಯ ಗಡಸುತನ ಸುಮಾರು 6.5ರಿಂದ 7. ಬೆಣಚುಕಲ್ಲಿನ ಗಡಸುತನವೂ 7 ಆದ್ದರಿಂದ, ಅದನ್ನು ಎಳೆದಾಗ ಕಾಣುವ ಬಿಳಿ ಪುಡಿ ಬಿಲ್ಲೆಯದೇ ಆಗಿರಬಹುದು. ಕೈಪಿಡಿ ಇದನ್ನು ಹೇಳಿಲ್ಲ.

ಗೀರುವ ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ಮೆತ್ತನೆಯ ಕಲ್ಲು ಗಾಜಿನ ಮೇಲೆ ತನ್ನ ಪುಡಿ ಬಿಟ್ಟಿರುತ್ತದೆ, ಅವರು ಗಾಜೇ ಗೀರಿತು ಎಂದು ಬರೆದುಕೊಳ್ಳುತ್ತಾರೆ. ಬೆರಳಿನಿಂದ ಒರೆಸಿಸಿ, ಹೋದರೆ ಪುಡಿ, ಉಗುರಿಗೆ ತಡೆದರೆ ಗೀರು. ಗಾಜನ್ನು ಕೈಯಲ್ಲಿ ಹಿಡಿಯಗೊಡಬೇಡಿ, ಮೇಜಿನ ಮೇಲೆ ಮಟ್ಟಸವಾಗಿಡಿ. ಉಗುರು 2.5, ಗಾಜು 5.5 ಎಂದು ಹಿಡಿದರೆ ಜಿಪ್ಸಮ್, ಕ್ಯಾಲ್ಸೈಟ್, ಬೆಣಚುಕಲ್ಲು ತಾವಾಗಿಯೇ ಮೂರು ಗುಂಪಾಗುತ್ತವೆ.

ಮಾದರಿಗಳ ಗಾತ್ರ ನಿಜವಾದ ಕೊರತೆ. 2 ಸೆಂ.ಮೀ. ತುಂಡಿನಲ್ಲಿ ಕ್ಯಾಲ್ಸೈಟ್‌ನ ಓರೆ ಸೀಳು (ಅದು ಒಡೆಯುವ ಓರೆಯಾದ ನಯ ಮುಖಗಳು) ಸರಿಯಾಗಿ ಕಾಣುವುದಿಲ್ಲ, 4–5 ಸೆಂ.ಮೀ. ಬೇಕು. ಸೀಸದ ಅದಿರಾದ ಗೆಲೀನಾ ಬೆಣಚುಕಲ್ಲಿಗಿಂತ ಸುಮಾರು 2.8 ಪಟ್ಟು ಸಾಂದ್ರ, ಆದರೆ ಇಷ್ಟು ಚಿಕ್ಕ ತುಂಡಿನಲ್ಲಿ ಆ ಭಾರ ಅಂಗೈಗೆ ಅಷ್ಟಾಗಿ ತಿಳಿಯದು. ಗೆಲೀನಾದಲ್ಲಿ ಸೀಸವಿದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಲೇಬೇಕು. ಈ ಮಾತು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಇರಬೇಕಿತ್ತು. ಅಲ್ಯೂಮಿನಿಯಂ ಅದಿರಾದ ಬಾಕ್ಸೈಟನ್ನು ಖನಿಜಗಳ ಸಾಲಿಗೆ ಸೇರಿಸಿರುವುದೂ ತಪ್ಪು. ಅದು ಹಲವು ಖನಿಜಗಳು ಕೂಡಿದ ಶಿಲೆ, ಅದಕ್ಕೆ ಒಂದೇ ಗಡಸುತನ ಹೇಳಲಾಗದು.

ಗಣಿ ಟ್ರೇಯಲ್ಲಿ ಕಾಲು ಭಾಗ ಮಣಿಗಳೇ. ಹೀಗಾದರೆ ಯಾವ ಅದಿರಿನಲ್ಲೂ ಲೋಹ ಧಾರಾಳವಾಗಿರುತ್ತದೆ ಎಂದೇ ಮಕ್ಕಳು ತಿಳಿಯುತ್ತಾರೆ. ಇಂದು ತೆಗೆಯುವ ತಾಮ್ರದ ಅದಿರಿನಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ತಾಮ್ರವಿರುತ್ತದೆ. ಮಣಿಗಳನ್ನು ತೆಗೆದುಹಾಕಿ, 995 ಗ್ರಾಂ ಮರಳಿಗೆ 5 ಗ್ರಾಂ ತಾಮ್ರದ ತಂತಿಯ ಚೂರು ಬೆರೆಸಿ. ಚೂರುಗಳು 2 ಮಿ.ಮೀ. ಇರಲಿ, ತುದಿ ಚುಚ್ಚದಂತೆ ಇಕ್ಕಳದಲ್ಲಿ ಮಡಚಿ. ಮರಳನ್ನು ಮೊದಲೇ 1 ಮಿ.ಮೀ. ಜರಡಿಯಲ್ಲಿ ಇಳಿಸಿಕೊಂಡಿದ್ದರೆ ಚೂರುಗಳು ಜರಡಿಯಲ್ಲೇ ಉಳಿಯುತ್ತವೆ. ಕೊನೆಗೆ ಎರಡೂ ರಾಶಿ ತೂಗಿಸಿ, ಉಳಿದ ಮರಳನ್ನು ಎಲ್ಲಿ ಹಾಕುವುದು ಎಂದು ಕೇಳಿ. ಗಣಿತ್ಯಾಜ್ಯದ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಜೊತೆಗೆ ಶುದ್ಧ ಹೆಮಟೈಟ್‌ನಲ್ಲಿ ಸುಮಾರು ಶೇ. 70 ಕಬ್ಬಿಣವೇ ಎಂದರೆ ಅಂತರ ಅರ್ಥವಾಗುತ್ತದೆ.

ಉಪಯೋಗದ ಕಾರ್ಡುಗಳು ತೀರಾ ಸಪ್ಪೆ. ‘ಜಿಪ್ಸಮ್: ಸಿಮೆಂಟ್’ ಎಂದು ಬರೆದರೆ ಏನು ತಿಳಿಯುತ್ತದೆ? ಕ್ಲಿಂಕರ್ (ಸುಣ್ಣದಕಲ್ಲು, ಜೇಡಿಮಣ್ಣು ಸುಟ್ಟಾಗ ಸಿಗುವ ಸಿಮೆಂಟಿನ ಗಟ್ಟಿ ಉಂಡೆ) ಅರೆಯುವಾಗ ಸ್ವಲ್ಪ ಜಿಪ್ಸಮ್ ಸೇರಿಸದಿದ್ದರೆ, ನೀರು ಬಿದ್ದೊಡನೆ ಸಿಮೆಂಟ್ ಬಿಗಿದುಕೊಳ್ಳುತ್ತದೆ, ಕೆಲಸ ಮಾಡಲು ಸಮಯವೇ ಸಿಗದು. ‘ಗ್ರಾಫೈಟ್: ಪೆನ್ಸಿಲ್’ ಕಾರ್ಡಿಗೆ, ಜೇಡಿಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ ಎಂಬ ಒಂದು ಸಾಲು ಸೇರಿದ್ದರೆ ಸಾಕಿತ್ತು.

ಕೊಳ್ಳುವುದಾದರೆ ದೊಡ್ಡ ಮಾದರಿಗಳ ಪೆಟ್ಟಿಗೆಯನ್ನೇ ಕೇಳಿ. ಕಲ್ಲುಪ್ಪಿನ ಹರಳು ತೇವ ಹೀರಿ ಅಂಚು ಕರಗುತ್ತದೆ. ಅದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿಡಿ.