ಬ್ಯಾಟಲ್‌ಹಾಕ್ಸ್ ಜೊತೆ ಮೂರು ಸೀಸನ್: ನನಗೆ ಫುಟ್‌ಬಾಲ್ ಕಲಿಸಿದ ಚಿಕ್ಕ ಲೀಗ್

ಸೇಂಟ್ ಲೂಯಿಸ್‌ಗೆ ಬಂದು ವರ್ಷಗಳೇ ಕಳೆದರೂ ನನಗೆ ಅಮೆರಿಕನ್ ಫುಟ್‌ಬಾಲ್ ತಲೆಗೆ ಹತ್ತಿರಲಿಲ್ಲ. ಸೋಮವಾರ ಆಫೀಸಿನಲ್ಲಿ ಎಲ್ಲರೂ ಅದನ್ನೇ ಮಾತಾಡುವಾಗ ನಾನು ಕಾಫಿ ಹಿಡಿದು ಸುಮ್ನೆ ನಿಂತಿರುತ್ತಿದ್ದೆ. ಇಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್ ನೋಡಿ ಕಲಿಯೋಣ ಅಂದರೆ ಊರಿನ ತಂಡ ರ‍್ಯಾಮ್ಸ್ 2016ರಲ್ಲೇ ಲಾಸ್ ಏಂಜಲೀಸ್‌ಗೆ ಹೊರಟುಹೋಗಿತ್ತು. ನಮ್ಮ ರಾಜ್ಯದಲ್ಲಿ ಉಳಿದಿದ್ದ ತಂಡ ಅಂದರೆ ಕಾನ್ಸಾಸ್ ಸಿಟಿಯದು. ಕಾರಿನಲ್ಲಿ ನಾಲ್ಕು ಗಂಟೆ ದಾರಿ, ಟಿಕೆಟ್ ನನ್ನ ಜೇಬಿಗೆ ಎಟುಕುವಂಥದ್ದಲ್ಲ.

2023ರ ಫೆಬ್ರವರಿಯಲ್ಲಿ ಒಂದು ಭಾನುವಾರ ಟಿವಿ ಹಾಕಿದಾಗ ಎಕ್ಸ್‌ಎಫ್‌ಎಲ್ ಅನ್ನೋ ಲೀಗಿನ ಮ್ಯಾಚ್ ಬರುತ್ತಿತ್ತು. ನಮ್ಮೂರಿನ ಬ್ಯಾಟಲ್‌ಹಾಕ್ಸ್ ಸ್ಯಾನ್ ಆಂಟೋನಿಯೊದಲ್ಲಿ 15-3ರಿಂದ ಹಿಂದೆ ಬಿದ್ದಿತ್ತು. ಇನ್ನು ಒಂದೂವರೆ ನಿಮಿಷ ಆಟ ಇತ್ತು. ಟಿವಿ ಆಫ್ ಮಾಡೋಕೆ ರಿಮೋಟ್ ತಗೊಂಡಿದ್ದೆ. ಅಷ್ಟರಲ್ಲಿ ಟಚ್‌ಡೌನ್ ಬಂತು, ಅಂದರೆ ಚೆಂಡು ಎದುರಾಳಿಯ ಕೊನೆ ಗೆರೆ ದಾಟಿ ಆರು ಪಾಯಿಂಟ್. ಅದರ ಮೇಲೆ ಮೂರು ಪಾಯಿಂಟಿನ ಪ್ರಯತ್ನವೂ ಗೆದ್ದಿತು. ಈ ಲೀಗಿನಲ್ಲಿ ಆಗ ಟಚ್‌ಡೌನ್ ಆದ ಮೇಲೆ ಎರಡು ಯಾರ್ಡ್ ದೂರದಿಂದ ಮತ್ತೆ ಗೆರೆ ದಾಟಿದರೆ ಒಂದು ಪಾಯಿಂಟ್, ಐದರಿಂದ ಎರಡು, ಹತ್ತರಿಂದ ಮೂರು ಸಿಗುತ್ತಿತ್ತು. ಆಮೇಲೆ ಚೆಂಡನ್ನು ಎದುರಾಳಿಗೆ ಕೊಡಲೇ ಇಲ್ಲ. ಒಂದೇ ಪ್ರಯತ್ನದಲ್ಲಿ ಹದಿನೈದು ಯಾರ್ಡ್ ಮುಂದೆ ಹೋದರೆ ಚೆಂಡು ನಿಮ್ಮದೇ ಅನ್ನೋ ನಿಯಮ ಇತ್ತು, ಅದನ್ನೂ ದಾಟಿದರು. ಕೊನೆಗೆ ಇನ್ನೊಂದು ಟಚ್‌ಡೌನ್. 18-15! ಕಬಡ್ಡಿಯ ಡೂ-ಆರ್-ಡೈ ರೇಡ್ ನೋಡಿದವರಿಗೆ ಆ ಹೊತ್ತಿನ ಎದೆಬಡಿತ ಗೊತ್ತಿರುತ್ತೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಗೆಲುವಿಗಿಂತ ಹೆಚ್ಚಾಗಿ ಟಿವಿಯ ಧ್ವನಿ. ಈ ಲೀಗಿನಲ್ಲಿ ಕೋಚ್ ಆಟಗಾರನ ಹೆಲ್ಮೆಟ್ಟಿಗೆ ಹೇಳುವ ಮಾತು ನೋಡುವವರಿಗೂ ಕೇಳುತ್ತದೆ. ಮೊದಲು ನಂಬರು, ಬಣ್ಣ, ಏನೇನೋ ಶಬ್ದಗಳ ಸಾಲು. ಕಾಮೆಂಟೇಟರ್ ಅದನ್ನು ಬಿಡಿಸಿ ಹೇಳುತ್ತಾರೆ: ಎಡಗಡೆ ಇಬ್ಬರು ಒಬ್ಬರನ್ನೊಬ್ಬರು ದಾಟಿ ಓಡ್ತಾರೆ, ನೋಡಿ. ಮರುಕ್ಷಣ ಕಣ್ಣೆದುರು ಅದೇ ನಡೆಯುತ್ತದೆ. ನಾಲ್ಕು ವಾರದಲ್ಲಿ ಒಂದೊಂದೇ ಶಬ್ದ ಹಿಡಿಯತೊಡಗಿದೆ. ನಾನು, ಮಗಳು ಇಬ್ಬರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಅವಳು ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತಿದ್ದಳು. ಆ ನೋಟ್‌ಬುಕ್ ಈಗಲೂ ಟಿವಿ ಕೆಳಗಿನ ಡ್ರಾಯರ್‌ನಲ್ಲಿದೆ.

ರೀಪ್ಲೇ ಅಂತೂ ನನಗೆ ತುಂಬಾ ಇಷ್ಟ. ಕ್ರಿಕೆಟ್ಟಿನಲ್ಲಿ ಥರ್ಡ್ ಅಂಪೈರ್ ಮಾತು ಕೇಳುತ್ತೇವಲ್ಲ, ಹಾಗೇ ಇಲ್ಲಿ ಲೀಗಿನ ತೀರ್ಪುಗಾರರ ಮುಖ್ಯಸ್ಥರಾಗಿದ್ದ ಡೀನ್ ಬ್ಲಾಂಡಿನೊ ಮತ್ತವರ ತಂಡ ವಿಡಿಯೊ ನೋಡುತ್ತಾ ಚರ್ಚೆ ಮಾಡುವುದು ನೇರವಾಗಿ ಕೇಳುತ್ತಿತ್ತು. ಮೊಣಕಾಲು ನೆಲಕ್ಕೆ ತಾಗುವ ಮೊದಲು ಚೆಂಡು ಜಾರಿತಾ, ಕಾಲು ಗೆರೆ ಮೇಲಿತ್ತಾ, ಇನ್ನೊಂದು ಕಡೆಯ ಕ್ಯಾಮೆರಾದಲ್ಲಿ ಏನು ಕಾಣುತ್ತೆ, ಎಲ್ಲವೂ. ತೀರ್ಪು ನಮ್ಮ ವಿರುದ್ಧ ಬಂದರೂ ಯಾಕೆ ಬಂತು ಅಂತ ಗೊತ್ತಿರುತ್ತೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಆಮೇಲೆ ನಾವು ಬ್ಯಾಟಲ್‌ಹಾಕ್ಸ್ ಆಡುವ ಸ್ಟೇಡಿಯಂ ಡೋಮ್‌ಗೆ ಹೋಗತೊಡಗಿದೆವು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಐಪಿಎಲ್ ಶುರು. ಅದನ್ನು ನೋಡುತ್ತಲೇ ಹೆಂಡತಿ ಚಿತ್ರಾನ್ನ ಕಲಸುತ್ತಾಳೆ. ಧಾರವಾಡದ ಗೆಳೆಯನ ಮನೆಯವರು ಗಿರ್ಮಿಟ್ಟಿನ ಸಾಮಾನೆಲ್ಲ ಬೇರೆ ಬೇರೆ ಡಬ್ಬಿಯಲ್ಲಿ ತರುತ್ತಾರೆ, ಮಂಡಕ್ಕಿ ಮೆತ್ತಗಾಗಬಾರದಲ್ವಾ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆಗೆದು ಅಲ್ಲೇ ಕಲಸುತ್ತೇವೆ. ಪಕ್ಕದ ಕಾರಿನ ಹಿರಿಯರೊಬ್ಬರು ರ‍್ಯಾಮ್ಸ್ ಕಾಲದಿಂದಲೂ ಡೋಮ್‌ಗೆ ಬರುವವರು. ಖಾರ ಜಾಸ್ತಿ ಅನ್ನುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಒಳಗೆ ಹೋದರೆ ಸಾವಿರಾರು ಜನ ಒಟ್ಟಿಗೆ ‘ಕ-ಕಾ!’ ಅಂತ ಕೂಗುತ್ತಾರೆ, ಅದು ನಮ್ಮ ತಂಡದ ಕೂಗು. 2024ರ ಮೊದಲ ಮನೆಯಂಗಳದ ಪಂದ್ಯಕ್ಕೆ 40,317 ಜನ ಬಂದಿದ್ದರು. ಊರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. “ಇಷ್ಟೊಂದು ಕಾಗೆ ಕೂಗಿದ್ರೆ ಮನೆಗೆ ಎಷ್ಟು ಜನ ನೆಂಟರು ಬರಬೇಕೋ” ಅಂದರು. ಸಂಜೆಯ ಹೊತ್ತಿಗೆ ಅವರೂ ಕೂಗುತ್ತಿದ್ದರು.

ಈಗ ಬೇಜಾರಿನ ವಿಷಯ. ಈ ಲೀಗಿನಲ್ಲಿ ಯಾರ ಮೇಲಾದರೂ ಪ್ರೀತಿ ಬೆಳೆಸಿಕೊಂಡರೆ ಅವರು ಉಳಿಯುವುದಿಲ್ಲ. 2024ರ ಮೊದಲ ವಾರ ಡೆಟ್ರಾಯ್ಟ್‌ನಲ್ಲಿ ಮಿಷಿಗನ್ ಪ್ಯಾಂಥರ್ಸ್‌ನ ಜೇಕ್ ಬೇಟ್ಸ್ ನಮ್ಮ ವಿರುದ್ಧವೇ 64 ಯಾರ್ಡ್ ದೂರದಿಂದ ಗೋಲಿನ ಕಂಬಗಳ ನಡುವೆ ಚೆಂಡು ಒದ್ದು ಗೆಲ್ಲಿಸಿದ. ಅದಕ್ಕೂ ಮುಂಚೆ ಇಟ್ಟಿಗೆ ಮಾರುವ ಕೆಲಸ ಮಾಡುತ್ತಿದ್ದವನು. ನಮ್ಮವರು ಟೈಮ್‌ಔಟ್ ತಗೊಂಡಿದ್ದರಿಂದ ಮೊದಲ ಒದೆತ ಲೆಕ್ಕಕ್ಕೆ ಬರಲಿಲ್ಲ. ಅವನು ಮತ್ತೆ ಒದ್ದ, ಮತ್ತೆ ಒಳಗೆ. 18-16ರಲ್ಲಿ ಸೋತರೂ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆ ಬೇಸಿಗೆಯಲ್ಲೇ ಎನ್‌ಎಫ್‌ಎಲ್‌ನ ಡೆಟ್ರಾಯ್ಟ್ ಲಯನ್ಸ್ ಅವನನ್ನು ಕರೆದುಕೊಂಡಿತು. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಬ್ರ್ಯಾಂಡನ್ ಆಬ್ರಿ ಕೂಡ ಹೀಗೇ ಬರ್ಮಿಂಗ್‌ಹ್ಯಾಮ್ ಸ್ಟ್ಯಾಲಿಯನ್ಸ್‌ನಿಂದ ಡಲ್ಲಾಸ್ ಕೌಬಾಯ್ಸ್ ಸೇರಿದವನು. ಅವರಿಗೆ ಒಳ್ಳೆಯದಾಯಿತು, ನಿಜ. ಆದರೆ ಪ್ರತಿ ಮಾರ್ಚ್‌ನಲ್ಲಿ ಹೊಸ ಹೆಸರುಗಳನ್ನು ಮೊದಲಿಂದ ಕಲಿಯಬೇಕು.

ಲೀಗೂ ಹಾಗೇ. ಎಕ್ಸ್‌ಎಫ್‌ಎಲ್ ಮತ್ತು ಅದರಂಥದ್ದೇ ಇನ್ನೊಂದು ಚಿಕ್ಕ ಲೀಗ್ ಯುಎಸ್‌ಎಫ್‌ಎಲ್ ಸೇರಿ 2024ರಲ್ಲಿ ಯುಎಫ್‌ಎಲ್ ಆಯಿತು, ಎಂಟು ತಂಡ, ಹತ್ತು ವಾರ. 2025ರ ಅಕ್ಟೋಬರ್‌ನಲ್ಲಿ ಮಿಷಿಗನ್, ಮೆಂಫಿಸ್, ಸ್ಯಾನ್ ಆಂಟೋನಿಯೊ ತಂಡಗಳನ್ನು ತೆಗೆದು ಕೊಲಂಬಸ್, ಲೂಯಿವಿಲ್, ಒರ್ಲ್ಯಾಂಡೊಗೆ ಕೊಟ್ಟರು. ತಂಡ ಕಳೆದುಕೊಂಡ ಊರಿನ ಸಂಕಟ ಏನು ಅಂತ ನಮ್ಮ ಪಕ್ಕದ ಕಾರಿನ ಹಿರಿಯರನ್ನು ಕೇಳಬೇಕು. ಆ ಸುದ್ದಿ ಬಂದ ದಿನ ಅವರು ನನಗೆ ಫೋನ್ ಮಾಡಿದ್ದರು. ನಮ್ಮದು ಉಳಿಯಿತು ಅಂತ ಮೂರು ಸಲ ಹೇಳಿದರು.

ಟಿಕೆಟ್ ಮಾರುವ ಆ್ಯಪ್ ಬಗ್ಗೆ ಒಂದೇ ಮಾತು: ಕೊನೆಯ ಪುಟದಲ್ಲಿ ಸೇರುವ ಶುಲ್ಕ ನೋಡದೆ ಬಟನ್ ಒತ್ತಬೇಡಿ. ಅದನ್ನು ಸೇರಿಸಿದರೂ ನಾಲ್ಕು ಜನರ ನಮ್ಮ ಮನೆಗೆ ಇದು ಹೊರೆಯಾಗಲಿಲ್ಲ.

ಗೆಲುವೇ ಬೇಕು ಅನ್ನುವವರು ಮಾತ್ರ ಬೇರೆ ತಂಡ ಹುಡುಕಿಕೊಳ್ಳಿ. 2023ರಲ್ಲಿ ಬ್ಯಾಟಲ್‌ಹಾಕ್ಸ್ ಹತ್ತರಲ್ಲಿ ಏಳು ಗೆದ್ದರೂ ಪ್ಲೇಆಫ್ ಸಿಗಲಿಲ್ಲ. ಹತ್ತರಲ್ಲಿ ನಾಲ್ಕೇ ಗೆದ್ದಿದ್ದ ಆರ್ಲಿಂಗ್ಟನ್ ಆ ವರ್ಷ ಚಾಂಪಿಯನ್. 2024 ಮತ್ತು 2025ರಲ್ಲಿ ಫೈನಲ್ ನಮ್ಮ ಡೋಮ್‌ನಲ್ಲೇ ಇತ್ತು. ಎರಡೂ ಸಲ ಅದರ ಹಿಂದಿನ ವಾರ, ಅದೇ ಡೋಮ್‌ನಲ್ಲಿ ನಾವು ಸೋತೆವು. ಫೈನಲ್ ಟಿಕೆಟ್ ಮೊದಲೇ ತೆಗೆದಿಟ್ಟಿದ್ದೆ. ಎರಡೂ ಸಲ ಹೋದೆವು. ಮಗಳು ನೀಲಿ ಜೆರ್ಸಿ ಹಾಕಿಕೊಂಡೇ ಬಂದಳು. ಸುತ್ತ ನೋಡಿದರೆ ಅವಳ ಹಾಗೆ ಬಂದವರು ಬೇಕಾದಷ್ಟು ಜನ ಇದ್ದರು. ಯಾರದೋ ಫೈನಲ್‌ನಲ್ಲಿ ಎಲ್ಲರೂ ನಮ್ಮದೇ ಕೂಗು ಕೂಗಿದರು.

2026ಕ್ಕೂ ಅದೇ ಸಾಲಿನಲ್ಲಿ ನಾಲ್ಕು ಸೀಟು ಕೇಳಿದ್ದೇನೆ. ಮಗಳು ಹೊಸ ನೋಟ್‌ಬುಕ್ ತೆಗೆದಿಟ್ಟಿದ್ದಾಳೆ.